ನಮ್ಮ ಭಾವನ ಹೊಸ ಗಾಡಿ

ನಮ್ಮ ಭಾವ ಗೋವಿಂದಯ್ಯ ರಸ್ತೆಯಲ್ಲಿ ನಡೆದು ಹೋಗುವಾಗಲೂ ಬಲಕ್ಕೆ ತಿರುಗಬೇಕಾದರೆ ಬಲಗೈ ಚಾಚುತ್ತಾರೆ. ಹಿಂದೆ ಯಾರೂ ಇರುವುದಿಲ್ಲ, ಒಂದು ಹಸು ಇದ್ದರೆ ಹೆಚ್ಚು. ಆದರೂ ಚಾಚುತ್ತಾರೆ. ಅಕ್ಕ ಮುದ್ದೆ ತೊಳಸುವಾಗ ಕೋಲು ಬಿಗಿಯಾದರೆ ಪಕ್ಕದಲ್ಲಿ ಕೂತು "ಸೆಕೆಂಡ್ ಗೇರಿಗೆ ಇಳ್ಸಮ್ಮಿ, ಎಂಜಿನ್ ಎಳೀತಾ ಇಲ್ಲ" ಅನ್ನುತ್ತಾರೆ. ಬಸ್ಸು ಹತ್ತಿದರೆ ಅವರಿಗೆ ಡ್ರೈವರ್ ಪಕ್ಕದ ಮುಂದಿನ ಸೀಟೇ ಬೇಕು. ನರಸೀಪುರ ಬಿಟ್ಟಾಗಿನಿಂದ ಮೈಸೂರು ಮುಟ್ಟುವವರೆಗೆ ಆ ಬಡಪಾಯಿ ಹಾಕಿದ ಪ್ರತಿಯೊಂದು ಬ್ರೇಕಿಗೂ ಇವರು ಲೊಚಗುಟ್ಟುತ್ತಾರೆ. ಒಬ್ಬ ಡ್ರೈವರ್ ಗಾಡಿ ನಿಲ್ಲಿಸಿ, "ಯಜಮಾನ್ರೇ, ನೀವೇ ಬಂದು ಕೂತ್ಕೊಳಿ" ಎಂದು ಎದ್ದು ನಿಂತದ್ದೂ ಉಂಟು.

ನಾನು ಸಿದ್ದು, ಭಾವನ ಹೆಂಡತಿ ಮರಿತಾಯಮ್ಮನ ತಮ್ಮ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಕೊಡೆ, ಸ್ಟವ್, ಮಿಕ್ಸಿ ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಭಾವನನ್ನು ಗೇಲಿ ಮಾಡುವುದು ಭಾಮೈದನಾದವನ ಹಕ್ಕು. ಮೂವತ್ತೈದು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಆ ಹಕ್ಕನ್ನು ಚಲಾಯಿಸಿಕೊಂಡು ಬಂದಿದ್ದೇನೆ. ಒಂದೇ ಒಂದು ವಿಷಯಕ್ಕೆ ಮಾತ್ರ ಬಾಯಿ ಹಾಕಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಭಾವ ಮೂವತ್ತೊಂದು ವರ್ಷ ಒಬ್ಬ ರೈಸ್ ಮಿಲ್ ಸಾವ್ಕಾರರ ಲಾರಿ ಓಡಿಸಿದರು. ಮೂಗೂರಿನ ಭತ್ತ, ತಲಕಾಡಿನ ಭತ್ತ, ಎಲ್ಲವೂ ಇವರ ಲಾರಿಯಲ್ಲೇ ಮಿಲ್ಲಿಗೆ ಬರುತ್ತಿತ್ತು. ಅಷ್ಟು ವರ್ಷದಲ್ಲಿ ಸಾವ್ಕಾರರು ಐದು ಹೊಸ ಲಾರಿ ಕೊಂಡರು. ನಮ್ಮ ಕಡೆ ಹೊಸ ಲಾರಿ ಅಂದರೆ ಒಂದು ಕ್ರಮವಿದೆ. ಕಂಪನಿಯಿಂದ ಬರೀ ಚಾಸಿ, ಅಂದರೆ ಬೋಳು ಚೌಕಟ್ಟು, ಬರುತ್ತದೆ. ಗ್ಯಾರೇಜಿನಲ್ಲಿ ಅದಕ್ಕೆ ಬಾಡಿ ಕಟ್ಟಿ, ಬಣ್ಣ ಬಳಿದು, ಆಮೇಲೆ ನಂಜನಗೂಡಿಗೆ ಒಯ್ದು ದೇವಸ್ಥಾನದ ಮುಂದೆ ಪೂಜೆ ಮಾಡಿಸಬೇಕು. ಪೂಜೆಯಾದ ಮೇಲೆ ಚಕ್ರದ ಅಡಿ ನಿಂಬೆಹಣ್ಣು ಇಡುತ್ತಾರೆ. ಡ್ರೈವರ್ ಅದರ ಮೇಲೆ ಗಾಡಿ ಹತ್ತಿಸಬೇಕು. ಹತ್ತಿಸಿದವನಿಗೆ ಒಂದು ಟವಲ್ಲು, ಒಂದು ತೆಂಗಿನಕಾಯಿ, ಜೀವಮಾನಪೂರ್ತಿ ಹೇಳಿಕೊಳ್ಳಲು ಒಂದು ಮಾತು.

ಐದು ಸಲವೂ ಹೊಸ ಲಾರಿಯ ಕೀಲಿ ಭಾವನ ಕೈಗೆ ಬರಲಿಲ್ಲ. ಮಿಲ್ಲಿನಲ್ಲಿ ಅವರಿಗಿಂತ ಒಳ್ಳೆಯ ಡ್ರೈವರ್ ಇರಲಿಲ್ಲ. ಇದನ್ನು ಸಾವ್ಕಾರರೇ ಹೇಳುತ್ತಿದ್ದರು. ಆದರೆ ಪೂಜೆಯ ಗಾಡಿಗೆ ಯಾರ ಕೈ ತಾಗಬಹುದು, ಯಾರ ಕೈ ತಾಗಬಾರದು ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾನೂನು. ಹೇಳದಿದ್ದರೂ ನಮ್ಮ ಕೇರಿಯವರಿಗೆ ಅರ್ಥವಾಗುತ್ತಿತ್ತು. ಬೇರೆ ಯಾರೋ ಹೊಸ ಲಾರಿ ಹತ್ತಿಸುತ್ತಿದ್ದರು. ಭಾವ ಹಳೇ ಲಾರಿಯಲ್ಲಿ ಜನರನ್ನು ತುಂಬಿಕೊಂಡು ಹಿಂದಿನಿಂದ ಹೋಗುತ್ತಿದ್ದರು. ಮೂರು ತಿಂಗಳು ಕಳೆದು ಹೊಸದಕ್ಕೆ ಕೆಸರು ಹಿಡಿದ ಮೇಲೆ, "ಗೋವಿಂದ, ಇನ್ಮೇಲೆ ನೀನೇ ಓಡ್ಸು" ಎಂದು ಕೀಲಿ ಕೊಡುತ್ತಿದ್ದರು.

ಊರಿನಲ್ಲಿ ಮಾತ್ರ ಭಾವ ಬೇರೆಯೇ ಹೇಳುತ್ತಿದ್ದರು. ಟೀ ಅಂಗಡಿಯಲ್ಲೂ ಮನೆಯ ಜಗಲಿಯಲ್ಲೂ ಕೂತು, "ಐದ್ ಗಾಡಿನೂ ನಾನೇ ಅತ್ಸಿದ್ದು ಕಣ್ಲಾ. ನಿಂಬೆಅಣ್ಣು ಪಟ್ ಅಂತ ಒಡೀಬೇಕು, ಆವಾಗ್ಲೇ ಗಾಡಿಗೆ ಆಯುಸ್ಸು" ಅನ್ನುತ್ತಿದ್ದರು. ಯಾರಾದರೂ ಅಕ್ಕನ ಕಡೆ ನೋಡಿದರೆ ಅವಳು "ಊಂ, ನಾನೂ ನೋಡಿದ್ದೆ" ಎಂದು ಸೊಪ್ಪು ಸೋಸುತ್ತ ಕೂರುತ್ತಿದ್ದಳು. ನನಗೆ ನಿಜ ಹೇಳಿದವಳೂ ಅವಳೇ. "ಅದೊಂದ್ ಮಾತ್ರ ಆಡ್ಕೋಬ್ಯಾಡ ಕಣೋ ಸಿದ್ದು" ಎಂದು ಕೈ ಹಿಡಿದುಕೊಂಡಿದ್ದಳು. ನಾನು ಆಡಿಕೊಂಡಿಲ್ಲ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಭಾವನ ಎಡಗಣ್ಣನ್ನು ತಿಂದುಹಾಕಿತು. ಲೈಸೆನ್ಸ್ ರಿನ್ಯೂ ಮಾಡಿಸಲು ಹೋದರೆ ಕಣ್ಣಿನ ಡಾಕ್ಟರು ಸರ್ಟಿಫಿಕೇಟ್ ಕೊಡಲಿಲ್ಲ. ಭಾವ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಕೂತವರು ಏಳಲೇ ಇಲ್ಲ. ಟೀ ಅಂಗಡಿಗೂ ಹೋಗಲಿಲ್ಲ. ನಾನು ಗೇಲಿ ಮಾಡಿದರೆ ತಿರುಗಿ ಬೈಯಲೂ ಇಲ್ಲ. ಅದು ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿತು. ಬೈಯದ ಭಾವನನ್ನು ಇಟ್ಟುಕೊಂಡು ನಾನೇನು ಮಾಡಲಿ?

ಅವರ ಮಗಳು ರಂಜಿನಿ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅಪ್ಪನ ಮುಖ ನೋಡಲಾರದೆ ಆನ್‌ಲೈನಿನಲ್ಲಿ ಒಂದು ರಿಮೋಟ್ ಲಾರಿ ತರಿಸಿದಳು. ಮೊಣಕೈಯಷ್ಟು ಉದ್ದ, ಕಿತ್ತಳೆ ಬಣ್ಣದ ಕ್ಯಾಬಿನ್, ಆರು ಚಕ್ರ, ಹೆಡ್‌ಲೈಟು. ಆದರೆ ಹಿಂದೆ ಏನೂ ಇಲ್ಲ, ಬೋಳು. ಟ್ರೈಲರ್ ಎಳೆಯುವ ಮುಂದಿನ ಲಾರಿ ಅಷ್ಟೇ ಅದು. ಟ್ರೈಲರನ್ನು ಬೇರೆ ಕೊಳ್ಳಬೇಕಂತೆ, ಅದರ ಬೆಲೆ ಲಾರಿಗಿಂತ ಜಾಸ್ತಿಯಂತೆ. "ಇಷ್ಟೇ ಇರ್ಲಿ ಬಿಡಪ್ಪ, ಆಡ್ಸು" ಎಂದು ಮಗಳು ಹೋದಳು.

ಎರಡು ದಿನ ಭಾವ ಅದನ್ನು ಮುಟ್ಟಲಿಲ್ಲ. "ನನ್ನೇನ್ ಎಳೇ ಮಗ ಅನ್ಕೊಂಡವಳಾ?" ಎಂದು ಗೊಣಗಿದರು. ಮೂರನೆಯ ದಿನ ನಾನು ಹೋದಾಗ ಪಾರ್ಸಲ್ಲಿನ ರಟ್ಟಿನ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲಿನ ಚೀಟಿಯನ್ನು ಒಂದೇ ಕಣ್ಣಿನಲ್ಲಿ ಓದುತ್ತಿದ್ದರು.

"ಲೇ ಸಿದ್ದು, ಇದ್ರಲ್ಲಿ ಯಾರೆಸ್ರು ಬರ್ದದೆ ನೋಡ್ಲಾ."

"ನಿಮ್ದೇ ಬಾವ. ಗೋವಿಂದಯ್ಯ ಅಂತ."

"ನನ್ನೆಸ್ರಲ್ಲಿ ಬಂದಿರೋ ಒಸ ಗಾಡಿ," ಅಂದರು. ಪಕ್ಕದಲ್ಲಿದ್ದ ಲಾರಿಯ ಬೋಳು ಬೆನ್ನಿನ ಮೇಲೆ ಬೆರಳಾಡಿಸಿದರು. "ಬಾಡಿ ಕಟ್ಬೇಕು. ಬಾಡಿ ಕಟ್ದೆ ಪೂಜೆಗೆ ಒಯ್ಯಕಾಯ್ತದಾ?"

ಒಳಗಿನಿಂದ ಅಕ್ಕ ಇಣುಕಿದಳು. ನಮ್ಮಿಬ್ಬರ ಕಣ್ಣು ಕೂಡಿದವು. ನಂಜನಗೂಡು, ನಿಂಬೆಹಣ್ಣು, ಎಲ್ಲವೂ ನಮಗೆ ಒಟ್ಟಿಗೇ ಹೊಳೆದುಹೋಯಿತು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಹೀಗೆ ನಮ್ಮ ಭಾವ ಅರವತ್ತಮೂರನೆಯ ವಯಸ್ಸಿನಲ್ಲಿ ಬಾಡಿ ಬಿಲ್ಡರ್ ಆದರು. ಮಗಳಿಗೆ ಇನ್ನೊಂದು ಪೈಸೆ ಖರ್ಚು ಮಾಡಿಸಬಾರದೆಂದು ಹಟ. ಆದ್ದರಿಂದ ಖರ್ಚೆಲ್ಲ ನನ್ನ ಅಂಗಡಿಯ ಗುಜರಿಗೆ ಬಿತ್ತು. ಮೊದಲನೆಯ ಟ್ರೈಲರನ್ನು ಕಬ್ಬಿಣದಲ್ಲೇ ಮಾಡಿದರು. ಬೇಡ ಬಾವ, ಭಾರವಾಗುತ್ತೆ ಅಂದೆ. "ಗಾಡಿ ಅಂದ್ರೆ ಕಬ್ಣ ಕಣ್ಲಾ. ಕೊಡೆ ರಿಪೇರಿ ಮಾಡೋನ್ಗೇನ್ ಗೊತ್ತು?" ಎಂದು ಬೈದರು. ಎರಡು ವರ್ಷದ ಮೇಲೆ ಬಂದ ಮೊದಲ ಬೈಗುಳ, ಕಿವಿಗೆ ಜೇನು ಬಿಟ್ಟಂತಾಯಿತು. ಟ್ರೈಲರನ್ನು ಲಾರಿಗೆ ಸಿಕ್ಕಿಸಿದ ಕೂಡಲೇ ಲಾರಿಯ ಮೂತಿ ಮೇಲಕ್ಕೆದ್ದಿತು. ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗುತ್ತ ನಿಂತವು. ಭಾವ ಅದನ್ನು ಸುತ್ತು ಹಾಕಿ ನೋಡಿ, "ಸ್ವಲ್ಪ ಓವರ್‌ಲೋಡ್ ಆಗದೆ" ಎಂದು ಒಪ್ಪಿಕೊಂಡರು.

ಎರಡನೆಯದಕ್ಕೆ ಕಿಟಕಿ ಮಾಡುವ ಅಂಗಡಿಯವರು ಬಿಸಾಡಿದ ಅಲ್ಯೂಮಿನಿಯಂ ತುಂಡು ತಂದು ಚಾಸಿ ಮಾಡಿದೆವು. ಪಕ್ಕದ ಹಲಗೆಗೆ ದ್ರಾಕ್ಷಿ ಪೆಟ್ಟಿಗೆಯನ್ನು ಒಡೆದೆವು. ಕೊಡೆಯ ನಡುಕೋಲಿನ ಕೊಳವೆಯನ್ನು ತುಂಡು ಮಾಡಿ ಅಡಿಗೆ ಬಿಗಿದು, ಅದರೊಳಗೆ ಸೈಕಲ್ ಸ್ಪೋಕ್ ತೂರಿಸಿದರೆ ಚಕ್ರ ಸಿಕ್ಕಿಸುವ ಆಕ್ಸಲ್ ಆಯಿತು. ಲಾರಿಗೆ ಸಿಕ್ಕಿಸಲು ಮಿಕ್ಸಿಯ ಒಂದು ಬೋಲ್ಟು. ಉಳಿದದ್ದು ಚಕ್ರ. ಚಕ್ರಕ್ಕೆ ಏನು ಮಾಡುವುದು ಎಂದು ಭಾವ ಒಂದು ದಿನವೆಲ್ಲ ಯೋಚಿಸಿದರು. ಮಾರನೆಯ ಬೆಳಿಗ್ಗೆ ಅಕ್ಕ ಹಾಲಿಗೆ ಹೊರಟವಳು ಬಾಗಿಲಲ್ಲಿ ನಿಂತು ಹುಡುಕತೊಡಗಿದಳು.

"ನನ್ನ ಎಡಗಾಲಿನ ಚಪ್ಲಿ ಎಲ್ಲಯ್ಯ?"

ಭಾವ ಜಗಲಿಯಲ್ಲಿ ಬ್ಲೇಡು ಹಿಡಿದು ಕೂತಿದ್ದರು. ಹವಾಯಿ ಚಪ್ಪಲಿಯ ಮೇಲೆ ಔಷಧಿ ಬಾಟಲಿಯ ಮುಚ್ಚಳ ಇಟ್ಟು, ಗೆರೆ ಎಳೆದು, ಗುಂಡಗೆ ನಾಲ್ಕು ಬಿಲ್ಲೆ ಕೊಯ್ದು ಮುಗಿಸಿದ್ದರು. ತೂತುಬಿದ್ದ ಚಪ್ಪಲಿಯನ್ನು ಹೆಂಡತಿಯ ಕಡೆ ಚಾಚಿದರು. "ಇನ್ನೂ ಆಕೋಬೋದು, ಗಾಳಿ ಬತ್ತದೆ" ಅಂದರು. ಅಕ್ಕ ಆವತ್ತು ಬೈದದ್ದು ಮೂರು ಮನೆಯಾಚೆಗೂ ಕೇಳಿತು. ಆದರೆ ಮಧ್ಯಾಹ್ನ ನೋಡುತ್ತೇನೆ, ಹೆಬ್ಬೆರಳಿನಷ್ಟು ದಪ್ಪದ ಗೋಣಿಚೀಲಗಳನ್ನು ಹೊಲಿದು, ಅಕ್ಕಿ ತುಂಬಿ, ಬಾಯಿ ಕಟ್ಟಿ ಇಡುತ್ತಿದ್ದಾಳೆ. "ಲೋಡ್ ಇಲ್ದೆ ಓದ್ರೆ ಚೆನ್ನಾಗಿರಲ್ವಲ್ಲ" ಅಂದಳು. ನಾನು ಬೇರೆ ಕಡೆ ನೋಡಿದೆ.

ಮೊದಮೊದಲು ಟ್ರೈಲರ್ ಹಾವಿನಂತೆ ಬಾಲ ಆಡಿಸುತ್ತಿತ್ತು. ನಾನು ಚಕ್ರದ ದೋಷ ಅಂದೆ. ಭಾವ ಬಗ್ಗಿ ನೋಡಿ ಚೀಲಗಳನ್ನೆಲ್ಲ ಮುಂದಕ್ಕೆ ಜರುಗಿಸಿದರು. "ಭಾರ ಇಂದ್ಗಡೆ ಬಿದ್ರೆ ಬಾಲ ಆಡ್ತದೆ ಕಣ್ಲಾ" ಅಂದರು. ಆಮೇಲೆ ಗಾಡಿ ಗೆರೆ ಕೊರೆದ ಹಾಗೆ ಹೋಯಿತು. ಟ್ರೈಲರಿಗೆ ಹಸಿರು ಬಣ್ಣ ಬಳಿದರು. ಹಿಂದೆ 'ಹಾರ್ನ್ ಮಾಡಿ' ಎಂದು ಬರೆಸಿದರು. ದೃಷ್ಟಿಯಾಗದಿರಲಿ ಎಂದು ಅಕ್ಕನ ಚಪ್ಪಲಿಯ ಒಂದು ಚೂರನ್ನು ಕರಿದಾರದಲ್ಲಿ ಕಟ್ಟಿ ಹಿಂದೆ ತೂಗುಹಾಕಿದರು. "ಪೂರ್ತಿ ಚಪ್ಪಲಿಯೇ ಗಾಡಿ ಕೆಳಗಿದೆ, ಇನ್ನು ದೃಷ್ಟಿ ಎಲ್ಲಿ ತಾಗ್ತದೆ ಬಾವ?" ಅಂದೆ. ಎದ್ದು ಅಟ್ಟಿಸಿಕೊಂಡು ಬಂದರು.

ಒಂದು ಸೋಮವಾರ ಮೂವರೂ ನಂಜನಗೂಡಿಗೆ ಬಸ್ಸು ಹತ್ತಿದೆವು. ಅಕ್ಕ ಹೊಸ ಚಪ್ಪಲಿ ಮೆಟ್ಟಿದ್ದಳು. ಭಾವ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿದ್ದರು, ಡ್ರೈವರ್ ಕೆಲಸದ ಅಂಗಿ. ಲಾರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು, ಟ್ರೈಲರ್ ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು ಅಕ್ಕನಿಗೆ ಫ್ರೀ ಟಿಕೆಟ್ ಹರಿದ. ಲಾರಿಯನ್ನು ನೋಡಿ, "ಇದು ಕೆಟ್ಟು ನಿಂತದಾ ಯಜಮಾನ್ರೇ, ಬಸ್ಸಲ್ಲಿ ಒಯ್ತಾ ಇದೀರಿ?" ಅಂದ. ಭಾವ ಅವನ ಕಡೆ ತಿರುಗಲೂ ಇಲ್ಲ. ಅವರಿಗೆ ಬಸ್ಸಿನ ಡ್ರೈವರನ್ನು ನೋಡಿ ಲೊಚಗುಟ್ಟುವುದೂ ಮರೆತುಹೋಗಿತ್ತು.

ದೇವಸ್ಥಾನದ ಮುಂದೆ ಹೊಸ ಗಾಡಿಗಳ ಸಾಲು ಇತ್ತು. ಎರಡು ಸ್ಕೂಟರು, ಒಂದು ಬಿಳಿ ಕಾರು. ಭಾವ ಕಾರಿನ ಹಿಂದೆ, ಒಂದು ಗಾಡಿಯ ಜಾಗ ಬಿಟ್ಟು, ತಮ್ಮದನ್ನು ನಿಲ್ಲಿಸಿದರು. ನಮ್ಮ ಹಿಂದೆ ಒಂದು ಹೊಸ ಗೂಡ್ಸ್ ಆಟೋ ಬಂದು ನಿಂತಿತು. ಸ್ಟೇರಿಂಗ್ ಹಿಡಿದವಳು ಮೂವತ್ತರ ಆಸುಪಾಸಿನ ಹೆಂಗಸು. ಮಾತಾಡಿಸಿದೆ. ಹೆಸರು ಇಂದ್ರಾಣಿ, ತಾಂಡವಪುರದವಳು. ತರಕಾರಿಯನ್ನು ಮೈಸೂರು ಮಾರ್ಕೆಟ್ಟಿಗೆ ಸಾಗಿಸಲು ತಾನೇ ಕೊಂಡ ಗಾಡಿಯಂತೆ. ಪಕ್ಕದಲ್ಲಿ ಅವಳ ಅಣ್ಣ, ಸುತ್ತ ಆರೇಳು ಜನ ನೆಂಟರು.

ಕಾರು ಮುಗಿಸಿ ಅರ್ಚಕರು ನಮ್ಮ ಹತ್ತಿರ ಬಂದು, ತಲೆ ಎತ್ತಿ ಅತ್ತ ಇತ್ತ ನೋಡಿದರು. "ಗಾಡಿ ಎಲ್ಲಿ?"

"ಇದೇ ಸಾಮಿ," ಎಂದು ಭಾವ ಕೆಳಗೆ ತೋರಿಸಿದರು.

ಅರ್ಚಕರು ಒಳ್ಳೆಯವರು. ನಗು ಬಂದರೂ ನುಂಗಿಕೊಂಡು ಕುಕ್ಕರಗಾಲಲ್ಲಿ ಕೂತರು. ಕಾರಿಗೆ ಹೇಳಿದ ಮಂತ್ರವನ್ನೇ ಒಂದಕ್ಷರವೂ ಬಿಡದೆ ಹೇಳಿದರು. ಕಿರುಬೆರಳಿನಲ್ಲಿ ಗಂಧ, ಕುಂಕುಮ ಇಟ್ಟರು. ಹಾರ ಹಾಕಿದರೆ ಲಾರಿಯೇ ಮುಚ್ಚಿಹೋಗುತ್ತಿತ್ತು. ಅದಕ್ಕೆ ಒಂದು ಸೇವಂತಿಗೆಯನ್ನು ಕಿತ್ತು ಕ್ಯಾಬಿನ್ ಮೇಲೆ ಇಟ್ಟರು. ಮುಂದಿನ ಬಲಚಕ್ರದ ಎದುರಿಗೆ ನಿಂಬೆಹಣ್ಣು ಇಟ್ಟು, "ಹತ್ತಿಸಿ" ಅಂದರು.

ಆಗ ನಾನು ನಿಂಬೆಹಣ್ಣು ನೋಡಿದೆ, ಚಕ್ರ ನೋಡಿದೆ. ಎರಡೂ ಒಂದೇ ಎತ್ತರ. ಒಂದು ತಿಂಗಳು ನಾವು ಆಕ್ಸಲ್, ಬೋಲ್ಟು, ಲೋಡು, ಬಣ್ಣ, ದೃಷ್ಟಿಯವರೆಗೂ ಯೋಚಿಸಿದ್ದೆವು. ಯಾವುದಕ್ಕಾಗಿ ಇಷ್ಟೆಲ್ಲ ಕಟ್ಟಿದೆವೋ ಆ ನಿಂಬೆಹಣ್ಣಿನ ಗಾತ್ರವನ್ನು ಮಾತ್ರ ಮೂವರಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಹುಟ್ಟಿದಾಗಿನಿಂದ ಲಾರಿ ಚಕ್ರದ ಅಡಿಯಲ್ಲೇ ಅದನ್ನು ನೋಡಿದ ನಮಗೆ ನಿಂಬೆಹಣ್ಣು ಅಂದರೆ ಒಡೆಯುವ ವಸ್ತು, ಅಷ್ಟೇ.

ಭಾವ ರಿಮೋಟ್ ಒತ್ತಿದರು. ಲಾರಿ ಗುರ್ರೆಂದು ಹೊರಟು ನಿಂಬೆಹಣ್ಣಿಗೆ ಮೂತಿ ತಾಗಿಸಿತು. ಹಣ್ಣು ಉರುಳಿತು. ಲಾರಿ ಅದನ್ನು ಉರುಳಿಸಿಕೊಂಡೇ ಹೋಗಿ ಬಿಳಿ ಕಾರಿನ ಅಡಿ ತಳ್ಳಿತು. ಸುತ್ತಲಿದ್ದವರು ಘೊಳ್ಳೆಂದರು. ಹಣ್ಣನ್ನು ಎತ್ತಿ ತಂದು, ಈ ಸಲ ಮುಂದೆ ಒಂದು ಕಲ್ಲು ಆನಿಸಿಟ್ಟೆವು. ಲಾರಿ ಒಂದು ಬದಿ ಎದ್ದು, ವಾಲಿ, ಮಗುಚಿ ಬಿತ್ತು. ಟ್ರೈಲರೂ ಅದರ ಜೊತೆ ಹೊರಳಿ ಅಕ್ಕಿಚೀಲಗಳು ಚೆಲ್ಲಾಡಿದವು. ನಾಲ್ಕು ಫೋನುಗಳು ವಿಡಿಯೋ ಹಿಡಿಯುತ್ತಿದ್ದವು. "ತಾತ, ಆಕ್ಸಿಡೆಂಟ್ ಆಯ್ತು, ಪೊಲೀಸ್ ಕರೀರಿ" ಎಂದು ಯಾರೋ ಕೂಗಿದರು. ನನಗೂ ನಗು ಬಂತು. ಬಾಯಿ ಮುಚ್ಚಿಕೊಂಡರೂ ಬಂತು. ಆಮೇಲೆ ಭಾವನ ಮುಖ ನೋಡಿದೆ.

ಜಗಲಿಯ ಮೇಲೆ ಎರಡು ವರ್ಷ ಕೂತಿದ್ದ ಮುಖವೇ ಮತ್ತೆ ಬಂದು ಕೂತಿತ್ತು. ನನ್ನ ನಗುವಿಗೆ ನನಗೇ ನಾಚಿಕೆಯಾಯಿತು. ಈಗಲೂ ಆಗುತ್ತದೆ.

"ಪೂಜೆ ಆಯ್ತಲ್ಲ, ಸಾಕು ಬಿಡಿ" ಎಂದು ಅರ್ಚಕರು ಮೆಲ್ಲಗೆ ಹೇಳಿ ಮುಂದಿನ ಗಾಡಿಗೆ ಹೋದರು. ಭಾವ ಬಗ್ಗಿ ಲಾರಿ ಎತ್ತಿಕೊಂಡರು. ಅಕ್ಕ ಒಂದೊಂದೇ ಅಕ್ಕಿಚೀಲ ಆರಿಸಿದಳು. ಪಕ್ಕಕ್ಕೆ ಸರಿದು ನಿಂತೆವು.

ಗೂಡ್ಸ್ ಆಟೋಗೆ ಪೂಜೆಯಾಯಿತು. ಮುಂದಿನ ಚಕ್ರದ ಅಡಿ ನಿಂಬೆಹಣ್ಣು ಇಟ್ಟರು. ಇಂದ್ರಾಣಿ ಕೀಲಿ ತಿರುಗಿಸಬೇಕು, ಅಷ್ಟರಲ್ಲಿ ಅವಳ ಅಣ್ಣ ಬಾಗಿಲಿಗೆ ಬಂದ. "ನೀನ್ ಇಳಿಯಮ್ಮ. ಮೊದಲ್ನೇ ಸಲ ಗಂಡುಸ್ರು ಅತ್ತಿಸ್ಲಿ, ಒಳ್ಳೇದು. ಆಮೇಲೆ ನೀನೇ ಓಡ್ಸೀಯಂತೆ." ನೆಂಟರೂ ಊಂ ಊಂ ಎಂದರು. ಇಂದ್ರಾಣಿ ಒಂದು ಗಳಿಗೆ ಎಲ್ಲರ ಮುಖ ನೋಡಿದಳು. ಆಮೇಲೆ ಇಳಿಯಲು ಒಂದು ಕಾಲು ಕೆಳಗೆ ಇಟ್ಟಳು.

"ಇಳೀಬ್ಯಾಡ ಕಣವ್ವ."

ಭಾವನ ದನಿ. ಲಾರಿಯನ್ನು ಮಗುವಿನಂತೆ ಕಂಕುಳಲ್ಲಿ ಇರುಕಿಕೊಂಡೇ ಆಟೋ ಮುಂದಕ್ಕೆ ಹೋಗಿ ನಿಂತಿದ್ದರು. "ನೀವ್ಯಾರು ಕೇಳಕೆ?" ಎಂದು ಅಣ್ಣ ತಿರುಗಿಬಿದ್ದ. ಭಾವ ಅವನನ್ನು ನೋಡಲಿಲ್ಲ. ಅವಳನ್ನೇ ನೋಡಿ ಹೇಳಿದರು.

"ನಾನು ಮೂವತ್ತೊಂದ್ ವರ್ಸ ಲಾರಿ ಓಡ್ಸಿದೀನಿ. ಐದ್ ಒಸ ಗಾಡಿ ಬಂದೋ, ಒಂದನ್ನೂ ನನ್ ಕೈಲಿ ಅತ್ಸಕೆ ಬುಡ್ಲಿಲ್ಲ. ಆಮೇಲೆ ಓಡ್ಸೀಯಂತೆ ಅಂತಿದ್ರು. ಓಡುಸ್ದೆ. ಆದ್ರೆ ಊರ್ಗೆಲ್ಲಾ ನಾನೇ ಅತ್ಸಿದ್ದು ಅಂತ ಸುಳ್ ಏಳ್ಕೊಂಡ್ ತಿರುಗ್ದೆ. ನನ್ ಎಂಡ್ತಿ ಕೈಲೂ ಏಳುಸ್ದೆ. ಈವತ್ ನೀನು ಇಳುದ್ರೆ, ನಾಳೆ ನೀನೂ ಸುಳ್ ಏಳ್ಬೇಕಾಯ್ತದೆ. ಇಳೀಬ್ಯಾಡ."

ಫೋನು ಹಿಡಿದಿದ್ದವರು ಕೈ ಇಳಿಸಿದರು. ಅಣ್ಣ ಬಾಗಿಲು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಪಕ್ಕದಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಇಂದ್ರಾಣಿ ಕೆಳಗಿಟ್ಟ ಕಾಲನ್ನು ಮೇಲಕ್ಕೆ ಎಳೆದುಕೊಂಡಳು. ಬಾಗಿಲು ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದಳು. ಗಾಬರಿಗೆ ಎಂಜಿನ್ ಆಫ್ ಆಯಿತು.

"ಎದ್ರುಕೋಬ್ಯಾಡ. ಕ್ಲಚ್ ಮೆಲ್ಗೆ ಬುಡು," ಎಂದು ಭಾವ ಎದುರಿಗೆ ನಿಂತು ಕೈ ಆಡಿಸತೊಡಗಿದರು. "ಬರ್ಲಿ... ಬರ್ಲಿ... ಬರ್ಲಿ..." ಆಟೋ ಇಂಚಿಂಚೇ ಸರಿಯಿತು. ನಿಂಬೆಹಣ್ಣು ಪಟ್ ಎಂದಿತು. ಅವಳ ನೆಂಟರು ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಿದ, ಸ್ವಲ್ಪ ತಡವಾಗಿ.

ಇಂದ್ರಾಣಿ ಗಾಡಿಯನ್ನು ಮುಂದೆ ನಿಲ್ಲಿಸಿ ಇಳಿದು ವಾಪಸು ಬಂದಳು. ನೆಲದ ಮೇಲೆ ಅವಳು ಹತ್ತಿಸಿದ ನಿಂಬೆಹಣ್ಣು ಹಪ್ಪಳದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನು ನೋಡಿದಳು, ಭಾವನ ಕಂಕುಳಲ್ಲಿದ್ದ ಲಾರಿಯನ್ನು ನೋಡಿದಳು.

"ಈಗ ನಿಮ್ದು ಬರ್ಲಿ ಯಜಮಾನ್ರೇ," ಅಂದಳು.

ಭಾವ ಲಾರಿ ಇಟ್ಟರು. ನಾನು ಟ್ರೈಲರ್ ಸಿಕ್ಕಿಸಿದೆ. ಅಕ್ಕ ಚೀಲಗಳನ್ನು ಮುಂದಕ್ಕೆ ಒತ್ತಿ ಜೋಡಿಸಿದಳು. ಇಂದ್ರಾಣಿ ಎದುರಿಗೆ ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ, "ಬರ್ಲಿ... ಬರ್ಲಿ..." ಎಂದು ಕೈ ಆಡಿಸಿದಳು. ಮುಂದಿನ ಚಕ್ರ ಸಿಪ್ಪೆಯ ಮೇಲೆ ಹತ್ತಿತು. ಹಿಂದಿನ ಚಕ್ರ ರಸಕ್ಕೆ ಸಿಕ್ಕಿ ಜಾರಿ ಸುಮ್ಮನೆ ತಿರುಗಿತು. ಭಾವ ಗಾಬರಿಯಾಗಲಿಲ್ಲ. ರಿಮೋಟಿನಿಂದ ಬೆರಳು ತೆಗೆದು, ಗಾಡಿ ಒಂದು ಬೆರಳಷ್ಟು ಹಿಂದೆ ಬರಲು ಬಿಟ್ಟು, ಮತ್ತೆ ಸಣ್ಣಗೆ ಒತ್ತಿದರು. ಲಾರಿ ದಾಟಿತು. ಅದರ ಹಿಂದೆ ಟ್ರೈಲರ್, ನಾಲ್ಕೂ ಚಕ್ರ, ಒಂದು ಅಕ್ಕಿಚೀಲವೂ ಅಲುಗದಂತೆ ದಾಟಿ ನಿಂತಿತು.

ಇನ್ನೊಬ್ಬರು ಒಡೆದ ನಿಂಬೆಹಣ್ಣು ಲೆಕ್ಕಕ್ಕಿಲ್ಲ ಬಾವ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಭಾವ ಅಕ್ಕನ ಕಡೆ ತಿರುಗಿದ್ದರು.

"ನೋಡ್ದಾ ಅಮ್ಮಿ?"

"ನೋಡ್ದೆ ಕಣಯ್ಯ," ಅಂದಳು ಅಕ್ಕ. ಅಳುತ್ತಿದ್ದಳು. "ಈ ಸಲ ನಿಜವಾಗ್ಲೂ ನೋಡ್ದೆ."